ದಾಸವಾಳದ ಬಿಳಿ ಹುಳು: ಮದ್ದು ಹೊಡೆಯುವ ಮೊದಲು ನೋಡಿ



ಮೈಸೂರಿನ ಲಕ್ಷ್ಮೀಪುರಂನಲ್ಲಿ ಬೆಳಗಿನ ಆರು ಗಂಟೆಗೆ ಓಡಾಡುವವರಿಗೆ ಈ ದೃಶ್ಯ ಹೊಸದಲ್ಲ. ಕಾಂಪೌಂಡಿನ ಮೇಲಿಂದ ರಸ್ತೆಗೆ ಬಾಗಿದ ಕೆಂಪು ದಾಸವಾಳದ ಕೊಂಬೆ, ಅದರಡಿಯಲ್ಲಿ ಚೀಲ ಹಿಡಿದು ನಿಂತ ಹಿರಿಯರೊಬ್ಬರು, ಮನೆಯೊಳಗಿನಿಂದ "ಮೊಗ್ಗು ಬಿಟ್ಟು ಹೂವು ಮಾತ್ರ ಕಿತ್ತುಕೊಳ್ಳಿ" ಎಂಬ ದನಿ. ಈ ವ್ಯಾಜ್ಯದಲ್ಲಿ ನಾನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಬೆಳಿಗ್ಗೆ ಅರಳಿದ ದಾಸವಾಳ ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಮುದುಡುವಂಥದ್ದು. ಕಿತ್ತರೆ ಗಿಡಕ್ಕೆ ನಷ್ಟವಿಲ್ಲ. ನಷ್ಟ ಬರುವುದು ಬೇರೆ ಕಡೆಯಿಂದ.

ಕೆಲವು ವರ್ಷಗಳ ಹಿಂದೆ ಕೈತೋಟದ ಬಗೆಗಿನ ಒಂದು ಕಾರ್ಯಕ್ರಮಕ್ಕಾಗಿ ನಮ್ಮ ತಂಡ ಇದೇ ಬಡಾವಣೆಯ ಹಳೆಯ ಮನೆಯೊಂದರ ಹಿತ್ತಿಲಿಗೆ ಹೋಗಿತ್ತು. ಆಳೆತ್ತರದ ದಾಸವಾಳದ ಗಿಡ. ತುದಿಯ ಎಲೆಗಳೆಲ್ಲ ಮುದುರಿ ಗಂಟುಗಂಟಾಗಿದ್ದವು. ಕಾಂಡದ ಮೇಲೆ ಬಿಳಿಯ ಹಿಟ್ಟು ಚೆಲ್ಲಿದಂತಿತ್ತು. ಮನೆಯ ಅಜ್ಜಿ ಕೀಟನಾಶಕದ ಬಾಟಲಿಯನ್ನು ತಂದು ಜಗಲಿಯ ಮೇಲೆ ಇಟ್ಟಿದ್ದರು. "ನೋಡಪ್ಪ, ಗಿಡಕ್ಕೆ ಸುಣ್ಣ ಬಳಿದ ಹಾಗಾಗಿದೆ. ನಿಮ್ಮ ಚಿತ್ರ ಮುಗೀಲಿ, ಆಮೇಲೆ ಔಷಧಿ ಹೊಡೆಸ್ತೀನಿ" ಎಂದರು.

ನಮ್ಮ ಕ್ಯಾಮರಾದವರು ಹತ್ತಿರದ ದೃಶ್ಯಕ್ಕೆ ಬೇಕಾದ ಲೆನ್ಸ್ ಹಾಕಿದರು. ಮಾನಿಟರಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಬಿಳಿ ಮುದ್ದೆಗಳು ಕಂಡವು, ಬಹುಪಾಲು ಅಲುಗಾಡದೆ ಕೂತಿದ್ದವು. ಅವುಗಳ ನಡುವೆ ಒಂದು ಮಾತ್ರ ನಡೆಯುತ್ತಿತ್ತು. ಅದೂ ಬಿಳಿಯೇ, ಆದರೆ ಮೈತುಂಬ ಮೇಣದ ಉದ್ದುದ್ದ ಎಳೆಗಳು. ನೋಡುತ್ತಿದ್ದಂತೆ ಅದು ಪಕ್ಕದ ಮುದ್ದೆಯೊಂದಕ್ಕೆ ಬಾಯಿ ಹಾಕಿ ತಿನ್ನತೊಡಗಿತು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, "ಇದೇನು, ತನ್ನವರನ್ನೇ ತಿನ್ನುತ್ತಲ್ಲ!" ಎಂದರು.

ತನ್ನವರಲ್ಲ. ಕೂತಿದ್ದವು ಹಿಟ್ಟು ತಿಗಣೆಗಳು. ದಾಸವಾಳವನ್ನು ಮುತ್ತುವ ಈ ಜಾತಿಯ ಹೆಸರು ಮ್ಯಾಕೊನೆಲ್ಲಿಕಾಕಸ್ ಹಿರ್ಸುಟಸ್. ಮೇಲಿನ ಬಿಳಿ ಪುಡಿ ಮೇಣ. ಅದನ್ನು ಒರೆಸಿದರೆ ಒಳಗಿನ ಮೈ ನಸುಗೆಂಪು. ಹೆಣ್ಣು ನೂರಾರು ಮೊಟ್ಟೆಗಳನ್ನು ಹತ್ತಿಯಂಥ ಚೀಲದಲ್ಲಿ ಇಡುತ್ತದೆ. ಎಳೆಯ ಚಿಗುರಿಗೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುವಾಗ ಅದರ ಜೊಲ್ಲಿನಲ್ಲಿರುವ ವಿಷಕ್ಕೆ ಎಲೆ ಮುದುರಿಕೊಳ್ಳುತ್ತದೆ. ನಡೆದಾಡುತ್ತಿದ್ದದ್ದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಬೇಟೆಯ ವೇಷವನ್ನೇ ತೊಟ್ಟ ಬೇಟೆಗಾರ! ಬೆಳೆದ ಮೇಲೆ ಅದು ಸುಮಾರು ನಾಲ್ಕು ಮಿಲಿಮೀಟರಿನ ಕಪ್ಪುಗಂದು ದುಂಬಿಯಾಗುತ್ತದೆ, ತಲೆಯ ಕಡೆ ಕಿತ್ತಳೆ ಬಣ್ಣ. ಆಸ್ಟ್ರೇಲಿಯದ ಈ ಹುಳುವನ್ನು 1898ರಲ್ಲಿ ಕಾಫಿ ಗಿಡದ ಕೀಟದ ಹತೋಟಿಗೆಂದು ಭಾರತಕ್ಕೆ ತಂದರು. ದಕ್ಷಿಣ ಭಾರತದಲ್ಲಿ ಅದು ಇಲ್ಲಿಯದೇ ಎಂಬಂತೆ ನೆಲೆಯೂರಿತು.

ಆ ಬಾಟಲಿಯನ್ನು ಕಂಡು ನನಗೆ ನನ್ನ ಹಳೆಯ ಪೆದ್ದುತನ ನೆನಪಾಯಿತು. ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ಮನೆಯ ದಾಸವಾಳಕ್ಕೆ, ವಿಜ್ಞಾನದ ವಿದ್ಯಾರ್ಥಿಯೆಂಬ ಹೆಮ್ಮೆಯಿಂದ, ಅಂಗಡಿಯವರು ಕೊಟ್ಟ ವಿಷವನ್ನು ಹೊಡೆದಿದ್ದೆ. ವಾರದಲ್ಲಿ ಗಿಡ ಸ್ವಚ್ಛವಾಯಿತು. ಎರಡು ತಿಂಗಳಲ್ಲಿ ಹಿಟ್ಟು ಮೊದಲಿಗಿಂತ ದಟ್ಟವಾಗಿ ಮರಳಿತು. ಮೇಣದ ಹೊದಿಕೆಯೊಳಗೆ, ಮುದುರಿದ ಎಲೆಯ ಮರೆಯಲ್ಲಿ ಮೊಟ್ಟೆಗಳು ಉಳಿದಿದ್ದವು. ಬಯಲಿನಲ್ಲಿ ಓಡಾಡುವ ಬೇಟೆಗಾರರಿಗೆ ಆ ಮರೆ ಎಲ್ಲಿಯದು? ಸತ್ತವರು ಅವರೇ. ಆ ಗಿಡವನ್ನು ಕೊನೆಗೆ ಬುಡಸಮೇತ ಕೀಳಬೇಕಾಯಿತು.

ಮೈಸೂರಿನವರಿಗೆ ಈ ತಿಗಣೆ ಹೂದೋಟದ ಸಂಗತಿ ಮಾತ್ರವಲ್ಲ. ಹಿಪ್ಪುನೇರಳೆ ಬೆಳೆಯುವ ರೈತರು 'ತುಕ್ರಾ' ಎಂದು ಕರೆಯುವ ಎಲೆಮುದುರಿಗೆ ಕಾರಣ ಇದೇ ಕೀಟ. ಎಲೆ ಕೆಟ್ಟರೆ ರೇಷ್ಮೆ ಹುಳುವಿಗೆ ಮೇವಿಲ್ಲ. ವಿಷ ಹೊಡೆದರೆ ಆ ಎಲೆ ತಿಂದ ರೇಷ್ಮೆ ಹುಳುವೇ ಸಾಯಬಹುದು. ಅದಕ್ಕಾಗಿಯೇ ಮಾನಂದವಾಡಿ ರಸ್ತೆಯಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ಎಕರೆಗೆ 250ರಂತೆ ಕ್ರಿಪ್ಟೋಲೀಮಸ್ ದುಂಬಿಗಳನ್ನು ಬಿಡಲು ಶಿಫಾರಸು ಮಾಡಿದರು. 1994ರಲ್ಲಿ ಇದೇ ತಿಗಣೆ ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದಲ್ಲಿ ಕಾಣಿಸಿಕೊಂಡು ದಾಸವಾಳದ ಬೇಲಿಗಳನ್ನೂ ಹಣ್ಣಿನ ಗಿಡಗಳನ್ನೂ ಹಾಳುಗೆಡವಿತು. ಅಲ್ಲಿಯೂ ಅದನ್ನು ಹದ್ದಿನಲ್ಲಿಟ್ಟದ್ದು ಹೊರಗಿನಿಂದ ತರಿಸಿದ ಕಣಜ ಮತ್ತು ಗುಲಗಂಜಿ ಹುಳುಗಳೇ. 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ನಮ್ಮ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳಿಗೆ ಹಬ್ಬಿದಾಗಲೂ ಹೀಗೇ ಆಯಿತು: 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿದ ಅಸಿರೊಫೇಗಸ್ ಪಪಾಯೆ ಎಂಬ ಪುಟ್ಟ ಕಣಜ ಅದನ್ನು ಹತೋಟಿಗೆ ತಂದಿತು.

ಹಾಗಾದರೆ ನಿಮ್ಮ ಮನೆಯ ಗಿಡಕ್ಕೆ ಏನು ಮಾಡಬೇಕು? ಮೊದಲು ಒಂದು ಭೂತಗನ್ನಡಿ ಹಿಡಿಯಿರಿ. ಬಿಳಿಯದನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಕದಲದೆ ಅಂಟಿಕೊಂಡಿದ್ದರೆ, ಇಲ್ಲವೆ ಬಹಳ ನಿಧಾನವಾಗಿ ಸರಿದರೆ ತಿಗಣೆ. ದೊಡ್ಡದಾಗಿದ್ದು, ಎಳೆಗಳನ್ನು ಹೊತ್ತು ಚುರುಕಾಗಿ ಓಡಿದರೆ ಗುಲಗಂಜಿಯ ಮರಿ. ಮರಿಗಳು ಕಂಡ ಗಿಡಕ್ಕೆ ಏನನ್ನೂ ಹೊಡೆಯಬೇಡಿ. ಕಾಣದಿದ್ದರೆ, ಮುದುರಿದ ತುದಿಗಳನ್ನು ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿನಲ್ಲಿ ಅದ್ದಿಡಿ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಉಳಿದ ಕೊಂಬೆಗಳಿಗೆ ಪೈಪಿನ ನೀರನ್ನು ಜೋರಾಗಿ ಬಿಡಿ. ಮತ್ತೂ ಉಳಿದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಬಿಸಿಲು ಇಳಿದ ಮೇಲೆ, ಮೊದಲು ಒಂದೇ ಕೊಂಬೆಗೆ ಸಿಂಪಡಿಸಿ ನೋಡಿ.

ಇರುವೆಗಳನ್ನು ಮರೆಯಬೇಡಿ. ತಿಗಣೆ ಹೊರಬಿಡುವ ಸಿಹಿ ಅಂಟಿನ ಆಸೆಗೆ ಅವು ತಿಗಣೆಗೆ ಕಾವಲು ನಿಲ್ಲುತ್ತವೆ, ಬೇಟೆಗಾರರನ್ನು ಓಡಿಸುತ್ತವೆ. ಎಲೆಯ ಮೇಲೆ ಮಸಿಯಂತೆ ಕೂರುವ ಕಪ್ಪು ಬೂಷ್ಟು ಬೆಳೆಯುವುದೂ ಆ ಅಂಟಿನ ಮೇಲೆಯೇ. ಗೋಡೆಗೆ ತಾಗುವ ಕೊಂಬೆಗಳನ್ನು ಸವರಿ, ಕಾಂಡಕ್ಕೆ ಗ್ರೀಸ್ ಹಚ್ಚಿದ ಬಟ್ಟೆಯ ಪಟ್ಟಿ ಸುತ್ತಿದರೆ ಇರುವೆಯ ದಾರಿ ಮುಚ್ಚುತ್ತದೆ. ಇನ್ನೊಂದು ಮಾತು: ದಾಸವಾಳದ ಎಲೆಯನ್ನು ಅರೆದು ತಲೆಗೆ ಹಚ್ಚುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಹೂವಿನ ಮಕರಂದಕ್ಕೆ ಸೂರಕ್ಕಿ ಬರುತ್ತದೆ. ಗಿಡದ ರಸದಲ್ಲಿ ಸೇರುವ ವಿಷ ಇವರನ್ನೆಲ್ಲ ಮುಟ್ಟಬಹುದು.

ಎಲ್ಲ ತೊಂದರೆಗೂ ಹುಳುವೇ ಕಾರಣವಲ್ಲ. ಬುಡದ ಹಳೆಯ ಎಲೆ ಒಂದೆರಡು ಹಳದಿಯಾಗಿ ಉದುರುವುದು ಸಹಜ. ಹೆಚ್ಚಾಗಿ ಉದುರಿದರೆ ಬುಡದಲ್ಲಿ ನೀರು ನಿಂತಿದೆಯೇ ನೋಡಿ. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ಹಾಕಿದರೆ ಮಣ್ಣು ಕ್ಷಾರವಾಗಿ, ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಮಳೆನೀರು, ಚೆನ್ನಾಗಿ ಕಳಿತ ಎಲೆಗೊಬ್ಬರ ಸಹಾಯ ಮಾಡುತ್ತವೆ. ಹೂವೇ ಇಲ್ಲದಿದ್ದರೆ ಬಿಸಿಲು ಸಾಲದು ಎಂದೇ ಮೊದಲು ತಿಳಿಯಿರಿ. ಹೂವು ಹೊಸ ಚಿಗುರಿನಲ್ಲಿ ಬರುವುದರಿಂದ ವರ್ಷಕ್ಕೊಮ್ಮೆ ಸವರುವುದೂ ಬೇಕು.

ಮೊಗ್ಗು ಅರಳುವ ಮೊದಲೇ ಉದುರುತ್ತಿದ್ದರೆ, ಉದುರಿದ ಒಂದನ್ನು ಬ್ಲೇಡಿನಿಂದ ಸೀಳಿ ಬಿಳಿ ಕಾಗದದ ಮೇಲೆ ಕೊಡವಿ. ಸಣ್ಣ ಹುಳುಗಳು ಬಿದ್ದರೆ ಉದುರಿದ ಮೊಗ್ಗುಗಳನ್ನೆಲ್ಲ ದಿನವೂ ಆರಿಸಿ ನಾಶಮಾಡಿ. ಏನೂ ಬೀಳದಿದ್ದರೆ ನೀರಿನ ಕಡೆ ನೋಡಿ: ಪರೀಕ್ಷೆಯ ವಾರ ಮರೆತು, ಮುಗಿದ ಮೇಲೆ ಒಮ್ಮೆಲೇ ಎರಡು ಬಕೆಟ್ ಸುರಿದರೆ ಮೊಗ್ಗು ನಿಲ್ಲುವುದಿಲ್ಲ. ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ದಿನವೂ ನೀರು ಬೇಕಾಗಬಹುದು, ಮಳೆಗಾಲದಲ್ಲಿ ಬೆರಳಿನಿಂದ ಮಣ್ಣು ಮುಟ್ಟಿ ಒಣಗಿದ್ದರೆ ಮಾತ್ರ.