ಶಿವನ ಮೇಲೆ ಭಾರ ಹಾಕುವದೆಂದರೇನು?



“ಶಿವನ ಮೇಲೆ ಭಾರ ಹಾಕಿದ್ದೇನೆ” ಎಂಬ ಮಾತು ಮಠದ ಅಂಗಳದಲ್ಲಿ ದಿನವೂ ಕೇಳಿಬರತಕ್ಕದ್ದು. ಹೊಲಕ್ಕೆ ಮಳೆ ಬಾರದಾಗ, ಮಗಳ ಲಗ್ನಕ್ಕೆ ಹಣ ಒದಗದಾಗ, ರೋಗಿಯ ಹಾಸಿಗೆಯ ಬಳಿ ವೈದ್ಯನು ಸುಮ್ಮನಾದಾಗ ಈ ಮಾತು ತಾನಾಗಿಯೇ ಬಾಯಿಗೆ ಬರುವದು. ಭಾರ ಹಾಕಿದವನ ಕೈಗಳು ಆಮೇಲೆ ಏನು ಮಾಡುತ್ತಿರಬೇಕು ಎಂದು ಕೇಳುವವರು ಮಾತ್ರ ವಿರಳ. ಇದಕ್ಕೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕುವದು ಪಂಡಿತರ ವಾಡಿಕೆ. ಈ ಉಪನ್ಯಾಸದಲ್ಲಿ ಅದನ್ನು ಮಳೆಯೇ ಅಪರೂಪವಾದ ಒಂದು ಸೀಮೆಯಲ್ಲಿ ಹುಡುಕಬೇಕಾಗಿದೆ.

ರಾಜಸ್ಥಾನದ ಪಶ್ಚಿಮ ಭಾಗದಲ್ಲಿ ಹಬ್ಬಿರುವದು ಥಾರ್ ಮರುಭೂಮಿ. ಅದರ ನಡುವೆ ಜೈಸಲ್ಮೇರ್ ಪಟ್ಟಣ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ. ಮಲೆನಾಡಿನವರು ಇದನ್ನು ಒಂದೆರಡು ದಿನದ ಮಳೆಯೆಂದು ತಿಳಿದಾರು. ನೆಲದ ಆಳದಲ್ಲಿ ನೀರಿದ್ದರೂ ಬಹುಕಡೆ ಅದು ಉಪ್ಪು. ಇಂಥ ಸ್ಥಳದಲ್ಲಿ ಜನರು ಊರು ಕಟ್ಟಿಕೊಂಡು ಎಂಟು ಶತಮಾನಗಳಿಗೂ ಮೇಲ್ಪಟ್ಟು ಬಾಳಿ ಬಂದಿರುವರು.

ಆ ಪಟ್ಟಣದ ದಾಹವನ್ನು ಬಹುಕಾಲ ನೀಗಿಸಿದ್ದು ಘಡಸೀಸರ ಎಂಬ ಕೆರೆ. ಹದಿನಾಲ್ಕನೆಯ ಶತಮಾನದಲ್ಲಿ ಮಹಾರಾವಲ ಘಡಸಿ ಎಂಬ ಅರಸನು ಅದನ್ನು ಕಟ್ಟಿಸತೊಡಗಿದನು. ಕೆಲಸ ಮುಗಿಯುವ ಮೊದಲೇ ಅವನು ಕೆರೆಯ ಏರಿಯ ಮೇಲೆ ವೈರಿಗಳ ಸಂಚಿಗೆ ಬಲಿಯಾದನೆಂದೂ, ರಾಣಿ ವಿಮಲೆಯು ಆ ಕಾಲದ ರೂಢಿಯಂತೆ ಚಿತೆಯನ್ನೇರದೆ ಉಳಿದು ಗಂಡನ ಕೆರೆಯನ್ನು ಪೂರ್ಣಗೊಳಿಸಿದಳೆಂದೂ ಆ ನಾಡಿನ ಐತಿಹ್ಯವು ಹೇಳುವದು. ಚಿತೆಗಿಂತ ಕೆರೆ ದೊಡ್ಡದೆಂದು ಬಗೆದ ಆ ತಾಯಿಯ ಹೆಸರು ಈ ಕಡೆಯ ಜನರಿಗೂ ತಿಳಿದಿರುವದು ಒಳ್ಳೆಯದು.

ಕೆರೆಯೆಂದ ಮೇಲೆ ಹೂಳು ತುಂಬಲೇಬೇಕು. ಅದನ್ನು ತೆಗೆಯಲು ಅಲ್ಲಿ ‘ಲ್ಹಾಸ್’ ಎಂಬ ಪದ್ಧತಿ ಇದ್ದಿತು. ಕರೆ ಬಂದ ದಿನ ಊರವರು ತಂತಮ್ಮ ಕೆಲಸ ಬಿಟ್ಟು ಬುಟ್ಟಿ, ಗುದ್ದಲಿ ಹಿಡಿದು ಬರತಕ್ಕದ್ದು. ಕೂಲಿಯ ಮಾತಿಲ್ಲ. ಅರಸನೂ ಸೈನಿಕನೂ ವರ್ತಕನೂ ಒಂದೇ ಕೆಸರಿನಲ್ಲಿ ಇಳಿಯುವರು. ಆ ಜನರು ಇದನ್ನು ‘ಲ್ಹಾಸ್ ಆಡುವದು’ ಎನ್ನುವರು. ಬೆವರು ಸುರಿಸುವ ದುಡಿತಕ್ಕೆ ಆಟವೆಂಬ ಹೆಸರು! ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಹೂಳು ತೆಗೆಯುವದು ಕೆರೆ ಒಣಗಿದಾಗ. ಆಗ ಮುಗಿಲಿನಲ್ಲಿ ಒಂದು ಎಳೆ ಮೋಡವೂ ಕಾಣದು. ಮಳೆ ಬರುವದೋ ಇಲ್ಲವೋ ಯಾರೂ ಬಲ್ಲವರಲ್ಲ. ಬರದಿದ್ದರೆ ಹೊತ್ತ ಬುಟ್ಟಿಗಳೆಲ್ಲ ವ್ಯರ್ಥ. ಬಂದು ಹೂಳು ಹಾಗೆಯೇ ಇದ್ದರೆ ಮಳೆಯೇ ವ್ಯರ್ಥ. ಮೋಡ ಕಂಡ ಮೇಲೆ ಗುದ್ದಲಿ ಹುಡುಕುವವನು ಶಿವನನ್ನು ನಂಬಿದವನಲ್ಲ, ಮೋಡವನ್ನು ನಂಬಿದವನು.

ಇದೆಲ್ಲ ಹಳೆಯ ಕಾಲದ ಮಾತಾಯಿತೆಂದು ಯಾರಾದರೂ ಅನ್ನಬಹುದು. ಹೊಸ ಕಾಲದ ಮಾತೂ ಉಂಟು. 1985ರ ಅಕ್ಟೋಬರ್ 2ರಂದು ರಾಜೇಂದ್ರಸಿಂಹ ಎಂಬ ತರುಣನು ನಾಲ್ವರು ಗೆಳೆಯರೊಡನೆ ಅಲ್ವರ್ ಜಿಲ್ಲೆಯ ಕಿಶೋರಿ ಎಂಬ ಹಳ್ಳಿಯಲ್ಲಿ ಬಸ್ಸಿನಿಂದ ಇಳಿದನು. ಅವನು ಸರಕಾರದ ನೌಕರಿ ಬಿಟ್ಟು, ಮನೆಯ ಸಾಮಾನುಗಳನ್ನು ಮಾರಿ ಹೊರಟವನು. ಅಲ್ವರ್ ಸೀಮೆಯು ಮರಳುಗಾಡಲ್ಲ. ಅರಾವಳಿ ಬೆಟ್ಟಗಳ ನಡುವಣ ಬರಡು ನೆಲ. ಆದರೂ ಬಾವಿಗಳು ಬತ್ತಿ, ಗಂಡಸರು ಹೊಟ್ಟೆಪಾಡಿಗೆ ಊರು ಬಿಟ್ಟು ಪಟ್ಟಣಗಳಿಗೆ ಹೋಗುತ್ತಿದ್ದ ಕಾಲ ಅದು. ಸೇವೆಗೆಂದು ಬಂದ ಈ ತರುಣರನ್ನು ಹಳ್ಳಿಯವರು ಮೊದಲು ನಂಬಲೇ ಇಲ್ಲ, ಸಂಶಯದಿಂದಲೇ ನೋಡಿದರು. ಕಡೆಗೆ ಪಕ್ಕದ ಭೀಕಮಪುರದಲ್ಲಿ ನೆಲೆ ದೊರಕಿತು.

ಬಂದವರ ಸಂಕಲ್ಪವೇನೋ ಘನವಾದದ್ದು. ರಾಜೇಂದ್ರಸಿಂಹನು ಆಯುರ್ವೇದ ಕಲಿತವನಾದ್ದರಿಂದ ಔಷಧ ಕೊಡತಕ್ಕದ್ದು, ಮಕ್ಕಳಿಗೆ ಅಕ್ಷರ ಕಲಿಸತಕ್ಕದ್ದು ಎಂದು ಯೋಚನೆ. ಆದರೆ ಗೋಪಾಲಪುರವೆಂಬ ಹಳ್ಳಿಯ ಮಾಂಗೂ ಪಟೇಲನೆಂಬ ಹಿರಿಯನು, ಊರಿಗೆ ಬೇಕಾದದ್ದು ಓದೂ ಅಲ್ಲ ಮದ್ದೂ ಅಲ್ಲ, ನೀರು ಎಂದು ತಿಳಿಸಿ, ಹೂಳು ತುಂಬಿ ಹಾಳಾಗಿದ್ದ ಜೋಹಡವನ್ನು, ಅಂದರೆ ಮಳೆನೀರಿನ ಕಟ್ಟೆಯನ್ನು, ಅಗೆಯಬೇಕೆಂದನು. ಸೇವೆ ಮಾಡಲು ಬಂದವನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಾರದು. ತಾನು ಕೊಡಬೇಕೆಂದು ತಂದದ್ದನ್ನು ಗಂಟಿನಲ್ಲಿಯೇ ಇಟ್ಟು, ಎದುರಿಗಿದ್ದವನಿಗೆ ಬೇಕಾದದ್ದನ್ನು ಕೊಡುವದು ಸುಲಭವಲ್ಲ. ಜೊತೆಗಾರರಲ್ಲಿ ಕೆಲವರು ಹಿಂದಿರುಗಿದರು. ಮಣ್ಣು ಹೊರುವದಕ್ಕೆ ಅವರು ಬಂದಿರಲಿಲ್ಲ. ಅವರನ್ನು ನಿಂದಿಸುವ ಕಾರಣವಿಲ್ಲ. ಉಳಿದವನು ಗುದ್ದಲಿ ಹಿಡಿದನು.

ಹಳ್ಳಿಯವರೂ ಮೆಲ್ಲಮೆಲ್ಲನೆ ಬಂದು ಕೂಡಿಕೊಂಡರು. ಮಳೆ ಬಂದಿತು, ಜೋಹಡ ತುಂಬಿತು, ಕಟ್ಟೆಯ ಕೆಳಗಿನ ಬಾವಿಗಳಲ್ಲಿ ನೀರು ಮತ್ತೆ ಕಂಡಿತು. ಬಯಲಿನಲ್ಲಿ ನಿಂತ ನೀರು ಬಿಸಿಲಿಗೆ ಆರುವದಕ್ಕೆ ಮೊದಲೇ ಬಹುಪಾಲು ನೆಲದೊಳಗೆ ಇಂಗುವದೇ ಇದರ ಮರ್ಮ. ಆ ಮುದುಕನು ಇದನ್ನು ಯಾವ ಪಾಠಶಾಲೆಯಲ್ಲಿಯೂ ಕಲಿತಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಕಟ್ಟೆಗಳು ಹೆಚ್ಚಿದಂತೆ, ಮಳೆಗಾಲ ಕಳೆದೊಡನೆ ಬತ್ತಿಹೋಗುತ್ತಿದ್ದ ಅರ್ವರಿ ನದಿಯು 1990ರ ದಶಕದಲ್ಲಿ ವರ್ಷವಿಡೀ ಹರಿಯತೊಡಗಿತು. ನದಿಯ ನೀರನ್ನು ಹೇಗೆ ಬಳಸಬೇಕೆಂದು ನಿರ್ಣಯಿಸಲು ದಂಡೆಯ ಹಳ್ಳಿಗಳವರು 1999ರಲ್ಲಿ ತಮ್ಮದೇ ಒಂದು ಸಂಸತ್ತನ್ನು ರಚಿಸಿಕೊಂಡರು. ರಾಜೇಂದ್ರಸಿಂಹನಿಗೆ 2001ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿಯೂ ದೊರೆತವು.

ಇಲ್ಲಿ ಒಂದು ಆಕ್ಷೇಪಣೆ ಏಳುವದು ಸಹಜ. ಅಗೆದವರಿಗೆಲ್ಲ ಮಳೆ ಬಂದಿತೇ? ಇಲ್ಲ. ವಿಕ್ರಮ ಸಂವತ್ 1956ರಲ್ಲಿ, ಅಂದರೆ 1899ರಲ್ಲಿ, ಮುಂಗಾರು ಕೈಕೊಟ್ಟು ರಾಜಪುತಾನವೆಲ್ಲ ಘೋರ ಕ್ಷಾಮಕ್ಕೆ ತುತ್ತಾಯಿತು. ‘ಛಪ್ಪನಿಯಾ’ ಎಂದು ಅದನ್ನು ಆ ಜನರು ಮರೆಯದೆ ಹೇಳುತ್ತ ಬಂದಿರುವರು. ‘ಐವತ್ತಾರರ ಬರ’ ಎಂದು ಅರ್ಥ. ಅಂದು ಸತ್ತವರು ಕೆರೆಯ ಹೂಳು ತೆಗೆಯದವರೇನಲ್ಲ, ದೇವರನ್ನು ನಂಬದವರೂ ಅಲ್ಲ. ಇಂಥಲ್ಲಿ ಭಕ್ತಿಯ ಬಲದಿಂದ ಮಳೆ ಬರುವದೆಂದು ಸಾಧಿಸಹೊರಡುವದು ಸತ್ತವರಿಗೆ ಮಾಡುವ ಅವಮಾನ. ಆ ಕ್ಷಾಮದಲ್ಲಿ ವಿವೇಕಾನಂದರ ಶಿಷ್ಯರಾದ ಸ್ವಾಮಿ ಕಲ್ಯಾಣಾನಂದರು ಕಿಶನಗಢಕ್ಕೆ ಹೋಗಿ ಹಸಿದವರ ಸೇವೆಗೆ ನಿಂತರು. ಮುಗಿಲಿನಿಂದ ಏನೂ ಇಳಿಯದ ಆ ವರ್ಷದಲ್ಲಿ ಹಸಿದ ಕೂಸಿಗೆ ತುತ್ತು ಬಂದದ್ದು ಒಬ್ಬ ಸನ್ಯಾಸಿಯ ಕೈಯಿಂದ. ಆದುದರಿಂದ ನಂಬಿಗೆಯು ದೇವರೊಡನೆ ಬರೆದುಕೊಂಡ ಕರಾರುಪತ್ರವಲ್ಲ. ಕೊಟ್ಟರೆ ಪೂಜೆ, ಕೊಡದಿದ್ದರೆ ಮುನಿಸು ಎಂಬುದು ಸಂತೆಯ ವ್ಯವಹಾರವಾದೀತು.

ಇನ್ನು ಅಗೆದವನಿಗೆ ಇನ್ನೊಂದು ಆಪತ್ತು. ಕೆರೆ ತುಂಬಿದ ಮೇಲೆ “ನಾನು ತುಂಬಿಸಿದೆ” ಎಂಬ ಮದವೇರುವದು. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮರಲ್ಲಿಗೆ ಅಲ್ಲಮಪ್ರಭುಗಳು ಬಂದು ‘ಒಡ್ಡರಾಮ’ ಎಂದು ಕೆಣಕಿದ ಪ್ರಸಂಗವು ಈ ಸಭೆಯಲ್ಲಿ ಎಲ್ಲರಿಗೂ ತಿಳಿದದ್ದೇ, ವಿವರಿಸಬೇಕಾಗಿಲ್ಲ. ಪ್ರಭುಗಳು ಕೆರೆಯನ್ನು ಹಳಿಯಲಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಮತ್ತೆ ಮರುಭೂಮಿಗೆ ಬರೋಣ. ಥಾರಿನ ಕೆಲವೆಡೆ ಮರಳಿನ ಅಡಿಯಲ್ಲಿ ಖಡಿಯಾ ಎಂಬ ಬಿಳಿಯ ಪದರ ಹಾಸಿಕೊಂಡಿರುವದು. ಬಿದ್ದ ಮಳೆಯು ಮರಳಿನಲ್ಲಿ ಇಂಗಿ, ಈ ಪದರದಿಂದಾಗಿ ಕೆಳಗಿನ ಉಪ್ಪುನೀರಿನೊಡನೆ ಕೂಡದೆ, ತೇವವಾಗಿ ನಿಲ್ಲುವದು. ಆ ತೇವವನ್ನು ಪಡೆಯಲು ಅಲ್ಲಿಯವರು ‘ಕುಂಯಿ’ ಎಂಬ ಕಿರುಬಾವಿಯನ್ನು ತೋಡುವರು. ಆಳ ಮೂವತ್ತರಿಂದ ಅರುವತ್ತು ಮೊಳ. ಅಗಲವೋ ಒಬ್ಬನು ಕುಳಿತು ಕಿರುಗುದ್ದಲಿ ಆಡಿಸುವಷ್ಟು. ತೋಡುವ ಚೇಜಾರೋ ತಲೆಗೆ ಲೋಹದ ಟೊಪ್ಪಿಗೆ ಹಾಕಿಕೊಂಡು ಇಳಿಯುವನು. ಕೆಳಗೆ ಉಸಿರು ಕಟ್ಟುವ ಸೆಕೆ. ಮೇಲೆ ನಿಂತವರು ಹಿಡಿಹಿಡಿಯಾಗಿ ಮರಳನ್ನು ಒಳಗೆ ಎಸೆಯುತ್ತಿರುವರು. ಅದರೊಡನೆ ತಾಜಾ ಗಾಳಿ ಕೆಳಗಿಳಿದು, ಬಿಸಿಗಾಳಿ ಮೇಲಕ್ಕೇರುವದು. ಕೆಳಗಿನವನ ಪ್ರಾಣವು ಮೇಲಿನವರ ಹಿಡಿಮರಳಿನಲ್ಲಿ ಇರುವದೆಂದರೆ ತಪ್ಪಾಗದು. ಗೋಡೆ ಕುಸಿಯದಂತೆ ಖೀಂಪ ಎಂಬ ಗಿಡದ ದಪ್ಪ ಹಗ್ಗವನ್ನು ಸುತ್ತಿ ಸುತ್ತಿ ಮೇಲಕ್ಕೆ ತರುವರು.

ಇಷ್ಟೆಲ್ಲ ಆದ ಮೇಲೆ ದೊರಕುವದೆಷ್ಟು? ಹಗಲಿರುಳು ಮರಳಿನಿಂದ ಹನಿಹನಿಯಾಗಿ ಜಿನುಗಿದ ಸಿಹಿನೀರು, ದಿನಕ್ಕೆ ಎರಡು ಮೂರು ಕೊಡ. ಒಂದೇ ದಿನ ಹತ್ತು ಕೊಡ ಬೇಕೆಂದರೆ ಕುಂಯಿ ಕೊಡಲಾರದು. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದ ಮಾರಯ್ಯನನ್ನು ತಡೆದು ಹಿಂದಿರುಗಿಸಿ ಬರಲು ಕಳಿಸಿದ ಲಕ್ಕಮ್ಮನು ಆ ಬಾವಿಯನ್ನು ಕಂಡಿದ್ದರೆ ತನ್ನ ಗುರುಬಂಧುವೆಂದು ಕೈಮುಗಿದಾಳು. ಗೋಧೂಳಿಯ ಹೊತ್ತಿಗೆ ಹೆಣ್ಣುಮಕ್ಕಳು ಕೊಡಗಳೊಡನೆ ಬಂದು ಕುಂಯಿಗಳ ಮುಚ್ಚಳ ತೆಗೆಯುವರು. ಊರ ಹೊರಗಣ ಆ ಬಯಲಿನಲ್ಲಿ ಆಗ ಸ್ವಲ್ಪ ಹೊತ್ತು ಮಾತು, ನಗೆ, ರಾಟೆಗಳ ಸದ್ದು. ಕೊಡ ತುಂಬಿದೊಡನೆ ಮುಚ್ಚಳಗಳನ್ನು ಹಾಕಿ, ನಾಳಿನ ನೀರನ್ನು ಮರಳಿನಲ್ಲಿಯೇ ಬಿಟ್ಟು, ಅವರು ಮನೆಯ ಕಡೆಗೆ ನಡೆಯುವರು.