ತೋಟದಂಚಿನ ಟ್ರಾನ್ಸ್‌ಫಾರ್ಮರ್ ಏಕೆ ಸುಟ್ಟುಹೋಗುತ್ತದೆ?

(ಕೃಷಿಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಅಡಿಕೆ ತೋಟಗಳಿಗೆ ನೀರಿನ ಅಗತ್ಯ ಅತಿಯಾಗಿರುವುದು ಮಾರ್ಚ್‌ನಿಂದ ಮೇ ತಿಂಗಳವರೆಗೆ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದೂ ಬಹುಮಟ್ಟಿಗೆ ಆ ದಿನಗಳಲ್ಲಿಯೇ. ಇದು ಆಕಸ್ಮಿಕವಲ್ಲ. ಸುಟ್ಟ ಬಳಿಕ ನಡೆಯುವುದೆಲ್ಲ ಸಭೆಗೆ ತಿಳಿದದ್ದೇ: ಅರ್ಜಿ, ಓಡಾಟ, ಬಾಡುವ ಸಸಿಗಳು, ಕೊನೆಗೆ ‘ಇನ್ನೂ ದೊಡ್ಡ ಟಿ.ಸಿ. ಕೊಡಿ’ ಎಂಬ ಬೇಡಿಕೆ. ಆ ಬೇಡಿಕೆ ಯಾವಾಗ ಸರಿ, ಯಾವಾಗ ವ್ಯರ್ಥ ಎಂದು ನಿರ್ಣಯಿಸಬೇಕಾದರೆ ಆ ಪೆಟ್ಟಿಗೆಯೊಳಗೆ ನಡೆಯುವುದೇನೆಂಬುದು ತಿಳಿದಿರಬೇಕು.

ಟ್ರಾನ್ಸ್‌ಫಾರ್ಮರ್ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಕೂಡಿಡುವುದೂ ಇಲ್ಲ. ಅದರೊಳಗಿರುವುದು ತೆಳುವಾದ ಉಕ್ಕಿನ ತಗಡುಗಳನ್ನು ಒತ್ತಾಗಿ ಜೋಡಿಸಿದ ಒಂದು ತಿರುಳು. ಅದರ ಸುತ್ತ ಒಂದನ್ನೊಂದು ತಾಗದ ತಂತಿಯ ಸುರುಳಿಗಳು. ಒಂದು ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ತಿರುಳಿನ ಕಾಂತತ್ವವು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಹೀಗೆ ಬದಲಾಗುವ ಕಾಂತತ್ವವು ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವಿದು. ಎರಡನೆಯ ಸುರುಳಿಯ ಸುತ್ತುಗಳು ಕಡಿಮೆಯಿದ್ದರೆ ಆ ಪ್ರಮಾಣದಲ್ಲಿ ವೋಲ್ಟೇಜ್ ಇಳಿಯುತ್ತದೆ, ಕರೆಂಟು ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ನಮ್ಮ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ.

ಮೊದಲು ಏರಿಸಿ ಬಳಿಕ ಇಳಿಸುವುದೇಕೆ? ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ವಿದ್ಯುತ್ತು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಕರೆಂಟು ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಲು ಸಾಧ್ಯವಾದದ್ದು ಈ ಉಪಾಯದಿಂದಲೇ. ಒಂದೇ ಪ್ರಮಾಣದ ವಿದ್ಯುತ್ತನ್ನು ಅದೇ ದಪ್ಪದ ತಂತಿಯಲ್ಲಿ 433 ವೋಲ್ಟಿಗೆ ಬದಲಾಗಿ 11,000 ವೋಲ್ಟಿನಲ್ಲಿ ಸಾಗಿಸಿದರೆ ನಷ್ಟವು ಆರುನೂರು ಪಟ್ಟಿಗೂ ಹೆಚ್ಚು ಕಡಿಮೆಯಾಗುತ್ತದೆ.

ನಮ್ಮ ತೊಂದರೆಯ ಬೇರು ಇಲ್ಲಿಯೇ ಇದೆ. ಮಲೆನಾಡಿನ ಮನೆಗಳು ಚದುರಿದವು. ಒಂದು ಕಣಿವೆಯಲ್ಲಿ ಒಂದು ಮನೆ, ಗುಡ್ಡದಾಚೆ ಇನ್ನೊಂದು. ಟ್ರಾನ್ಸ್‌ಫಾರ್ಮರ್ ಒಂದೆಡೆ ನಿಂತಿರುತ್ತದೆ. ಅಲ್ಲಿಂದ 433 ವೋಲ್ಟಿನ ತಂತಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಬಾಲದ ತುದಿಯ ಪಂಪಿಗೆ ಸಾಕಷ್ಟು ವೋಲ್ಟೇಜ್ ತಲಪುವುದಿಲ್ಲ. ವೋಲ್ಟೇಜ್ ಕಡಿಮೆಯಾದಾಗ ಮೋಟರು ಅದೇ ಕೆಲಸಕ್ಕೆ ಹೆಚ್ಚು ಕರೆಂಟನ್ನು ಎಳೆಯುತ್ತದೆ. ಅದರಿಂದ ತಂತಿಯಲ್ಲಿ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ. 63 ಕೆವಿಎ ತೆಗೆದು 100 ಕೆವಿಎ ನಿಲ್ಲಿಸಿದರೂ ತಂತಿಯ ಉದ್ದ ಕಡಿಮೆಯಾಗುವುದಿಲ್ಲವಷ್ಟೆ! ದೊಡ್ಡದರ ತಿರುಳು ಪಂಪು ನಡೆಯದ ಮಳೆಗಾಲದಲ್ಲಿಯೂ ಹಗಲಿರುಳು ಹೆಚ್ಚು ವಿದ್ಯುತ್ತನ್ನು ನುಂಗುತ್ತಿರುತ್ತದೆ.

ಸುಡುವ ಲೆಕ್ಕವನ್ನೂ ನೋಡಬಹುದು. 63 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದೊಂದು ಫೇಸಿನಲ್ಲಿ ಕೊಡಬಲ್ಲ ಕರೆಂಟು ಸುಮಾರು 84 ಆಂಪಿಯರ್. 5 ಎಚ್‌ಪಿ ಪಂಪೊಂದಕ್ಕೆ ಬೇಕಾಗುವುದು ಏಳೆಂಟು ಆಂಪಿಯರ್. ಅಂದರೆ ಹತ್ತು ಪಂಪುಗಳವರೆಗೆ ಚಿಂತೆಯಿಲ್ಲ. ಆದರೆ ದಾಖಲೆಯಲ್ಲಿ 5 ಎಚ್‌ಪಿ ಇದ್ದು ಬಾವಿಯಲ್ಲಿ ಏಳೂವರೆ ಇರುವುದು ಎಷ್ಟು ಕಡೆ ಎಂಬುದು ಸಭೆಯಲ್ಲಿರುವವರಿಗೇ ಗೊತ್ತು. ಇದರ ಜೊತೆಗೆ ಆಟೋಸ್ಟಾರ್ಟರ್ ಎಂಬ ಅನುಕೂಲ ಬಂದಿದೆ. ನೇರವಾಗಿ ಚಾಲನೆಗೊಳ್ಳುವ ಮೋಟರು ಆ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನಡುರಾತ್ರಿ ತ್ರೀ ಫೇಸ್ ಬಂದೊಡನೆ ಮಾಲೀಕರೆಲ್ಲ ನಿದ್ರಿಸುತ್ತಿರುವಾಗ ಹತ್ತು ಪಂಪುಗಳೂ ಒಮ್ಮೆಗೇ ಎಚ್ಚರಗೊಂಡರೆ ಆ ಪೆಟ್ಟಿಗೆಯ ಪಾಡೇನು? ಫ್ಯೂಸ್ ಇರುವುದೇ ಆಗ ಕರಗಲೆಂದು. ಅದು ಮತ್ತೆ ಮತ್ತೆ ಕರಗುತ್ತದೆಂದು ದಪ್ಪ ತಂತಿ ಕಟ್ಟಿದರೆ ಕರಗುವ ಸರದಿ ಸುರುಳಿಯದಾಗುತ್ತದೆ.

ಸುರುಳಿಯ ಮೇಲಿನ ಕಾಗದದ ಹೊದಿಕೆಯೇ ಟ್ರಾನ್ಸ್‌ಫಾರ್ಮರಿನ ಆಯುಷ್ಯ. ಅದು ತಾಳಿಕೊಳ್ಳಬಲ್ಲ ಉಷ್ಣತೆಯ ಮೇಲೆ ಸುಮಾರು 6 ಡಿಗ್ರಿ ಏರಿದಂತೆಲ್ಲ ಅದರ ಬಾಳಿಕೆ ಅರ್ಧರ್ಧವಾಗುತ್ತ ಹೋಗುತ್ತದೆ. ಅದನ್ನು ತಂಪಾಗಿಡುವುದು ಎಣ್ಣೆ. ಎಣ್ಣೆ ಸೋರಿ ಮಟ್ಟ ಇಳಿದರೆ ಶಾಖ ಹೊರಹೋಗದು. ಎಣ್ಣೆಗೆ ತೇವ ಸೇರಿದರೆ ಅದರ ನಿರೋಧಕ ಗುಣವೇ ಕುಂದುತ್ತದೆ. ಉಸಿರುಕೊಳವೆಯಿರುವ ಟ್ರಾನ್ಸ್‌ಫಾರ್ಮರುಗಳಲ್ಲಿ ಒಳಹೋಗುವ ಗಾಳಿಯ ತೇವವನ್ನು ಹೀರಲು ಸಿಲಿಕಾ ಜೆಲ್ ಹರಳುಗಳಿರುತ್ತವೆ. ನೀಲಿ ಹರಳು ತೇವಗೊಂಡರೆ ನಸುಗೆಂಪಾಗುತ್ತದೆ. ಆಷಾಢದ ಮಳೆಯಲ್ಲಿ ನಸುಗೆಂಪಾದ ಹರಳನ್ನು ಯಾರೂ ಬದಲಿಸದಿದ್ದರೆ ಅದರ ಫಲ ಚೈತ್ರದ ಬಿಸಿಲಿನಲ್ಲಿ ಕಾಣಿಸುತ್ತದೆ. ನೆಲದಲ್ಲಿ ನಿಂತು ನೋಡಿದರೂ ತಿಳಿಯುವ ಸಂಗತಿಯಿದು. ಆದರೆ ಕೈಹಾಕುವುದು ಲೈನ್‌ಮನ್ ಕೆಲಸ; ಕಂಬವೇರಿದ ಕೃಷಿಕರು ಜೀವ ಕಳೆದುಕೊಂಡ ಸುದ್ದಿ ಅಪರೂಪವಲ್ಲ.

ಹಾಗಾದರೆ ಕೇಳಬೇಕಾದುದು ಏನು? ಒಂದು ದೊಡ್ಡದರ ಬದಲು ಹಲವು ಚಿಕ್ಕವು. 11,000 ವೋಲ್ಟಿನ ತಂತಿಯನ್ನೇ ತೋಟಗಳ ಸಮೀಪಕ್ಕೆ ತಂದು, ಕೆಲವೇ ಪಂಪುಗಳಿಗೊಂದರಂತೆ 25 ಕೆವಿಎ ಟ್ರಾನ್ಸ್‌ಫಾರ್ಮರ್ ನಿಲ್ಲಿಸುವುದು. ಇದಕ್ಕೆ ಮೊದಲ ಖರ್ಚು ಹೆಚ್ಚು. ಕಾಡಿನೊಳಗೆ 11,000 ವೋಲ್ಟಿನ ಬರಿತಂತಿ ಎಳೆದರೆ ಮರಗಳು ಹೋಗುತ್ತವೆ. ಮಂಗ, ಮುಸಿಯಗಳೂ ಸಾಯುತ್ತವೆ. ಆದುದರಿಂದ ಹೊದಿಕೆಯುಳ್ಳ ತಂತಿ, ರಸ್ತೆಯಂಚಿನ ದಾರಿ, ಬುಶಿಂಗುಗಳಿಗೆ ಮುಚ್ಚಳ ಇವನ್ನು ಆ ಬೇಡಿಕೆಯ ಜೊತೆಗೇ ಬರೆಯಬೇಕು, ಅನಂತರವಲ್ಲ. ತಂತಿಯಲ್ಲಿ ಸೋರುವ ವಿದ್ಯುತ್ತೂ ಯಾವುದೋ ಕಣಿವೆಯನ್ನು ಮುಳುಗಿಸಿಯೇ ಬಂದುದು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೋಟದ ಕಡೆಯಿಂದಲೂ ಹೊರೆ ಇಳಿಸಬಹುದು. 5 ಎಚ್‌ಪಿ ಮೋಟರಿಗೆ ಸರಿಹೊಂದುವ ಕೆಪಾಸಿಟರ್ ಜೋಡಿಸಿದರೆ ಅದು ಎಳೆಯುವ ಒಟ್ಟು ಕರೆಂಟು ತಗ್ಗುತ್ತದೆ. ಬೇಸಿಗೆಯಲ್ಲಿ ಮೂರರಿಂದ ಐದು ದಿನಗಳಿಗೊಮ್ಮೆ ಮರವೊಂದಕ್ಕೆ 175 ಲೀಟರ್ ಹಾಯಿಸುವ ಬದಲು ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಕೊಟ್ಟರೆ ಅಡಿಕೆಗೆ ಸಾಕು. ಪಂಪು ನಡೆಯುವ ಹೊತ್ತೂ ಕಡಿಮೆಯಾಗುತ್ತದೆ. ಬುಡಕ್ಕೆ ಸೊಪ್ಪಿನ ಹೊದಿಕೆಯಿದ್ದ ತೋಟ ಒಂದು ದಿನ ತಡವಾದರೂ ತಾಳಿಕೊಳ್ಳುತ್ತದೆ. ಆದಕಾರಣ ಸರದಿಯಲ್ಲಿ ಪಂಪು ನಡೆಸುವುದರಿಂದ ಬೆಳೆಗೆ ನಷ್ಟವಿಲ್ಲ. ನಷ್ಟವಾಗುವುದು ನೆರೆಯವನ ಮೇಲಿನ ಅಪನಂಬಿಕೆಗೆ ಮಾತ್ರ.

ಸಂಕ್ರಾಂತಿಯೊಳಗೆ ಪ್ರತಿ ಟ್ರಾನ್ಸ್‌ಫಾರ್ಮರಿಗೊಂದು ಪಟ್ಟಿ ಸಿದ್ಧವಾಗಲಿ: ಯಾವ ಪಂಪು, ನಿಜವಾದ ಎಚ್‌ಪಿ ಎಷ್ಟು, ಕಂಬದಿಂದ ಎಷ್ಟು ದೂರ, ಆಟೋಸ್ಟಾರ್ಟರ್ ಇದೆಯೇ. ಅರ್ಜಿಗೆ ಲಗತ್ತಿಸಬೇಕಾದುದು ಆ ಪಟ್ಟಿ. ಅದನ್ನು ಬರೆಯಲು ಅರ್ಧ ದಿನ ಸಾಕು. ನಿಜವಾದ ಎಚ್‌ಪಿ ಹೇಳಿಸಲು ಇನ್ನೂ ಒಂದೆರಡು ಸಭೆ ಬೇಕಾದೀತು.