ಶಿಶು ತೀವ್ರ ನಿಗಾ ಘಟಕದಲ್ಲಿ, ತಾಯಿ ಎಲ್ಲಿ?

(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದಿನ ತುಂಬುವ ಮೊದಲೇ ಮಗು ಹುಟ್ಟಿತು ಎಂಬ ಸುದ್ದಿ ಊರಿಗೆ ಬಂದಾಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಮಗುವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ." ಆ ಪೆಟ್ಟಿಗೆ ಎಲ್ಲಿದೆ, ದಿನಕ್ಕೆ ಎಷ್ಟು ಖರ್ಚು, ವೈದ್ಯರು ಏನು ಹೇಳಿದರು ಎಂದೆಲ್ಲ ವಿಚಾರಿಸುತ್ತೇವೆ. ತಾಯಿ ರಾತ್ರಿ ಎಲ್ಲಿ ಮಲಗಿದ್ದಾಳೆ, ಏನು ಉಂಡಳು ಎಂದು ಕೇಳುವವರು ವಿರಳ. ಇಂದು ನನಗೆ ಒಪ್ಪಿಸಿರುವ ವಿಷಯ ಆ ತಾಯಿಯದು. ಇದು ಆಸ್ಪತ್ರೆಗೆ ಸೇರಿದ ವಿಷಯ, ಪಂಚಾಯತ್‌ಗೆ ಇದರಲ್ಲಿ ಏನು ಕೆಲಸ ಎಂದು ಕೆಲವರಿಗೆ ಅನ್ನಿಸಿರಬಹುದು. ಕೆಲಸವಿದೆ, ಅದೂ ತಮ್ಮಿಂದಲೇ ಆಗಬೇಕಾದದ್ದು.

ಗರ್ಭಧಾರಣೆಯ 37 ವಾರಗಳು ಪೂರ್ಣವಾಗುವ ಮೊದಲು ಹುಟ್ಟಿದ ಶಿಶುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹೀಗೆ ಹುಟ್ಟಿದವು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಅಂದಾಜು ಮಾಡಿವೆ. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವು. ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ನಮ್ಮ ದೇಶದಲ್ಲಿ ಎಂಟು ಹೆರಿಗೆಗಳಲ್ಲಿ ಸುಮಾರು ಒಂದು ಅವಧಿಗೆ ಮೊದಲು ಆಗುತ್ತದೆ ಎಂದಾಯಿತು. ಹಾಗಾಗಿ ತಮ್ಮ ಯಾರ ವಾರ್ಡ್‌ಗೂ ಇದು ಅಪರೂಪದ ಸಂಗತಿಯಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸುಳ್ಯ ತಾಲೂಕಿನ ಒಳಭಾಗದ ಒಬ್ಬ ಮಹಿಳೆಗೆ ಮೂವತ್ತನೆಯ ವಾರದಲ್ಲಿ ನೋವು ಕಾಣಿಸಿಕೊಂಡಿತು. 108 ವಾಹನದಲ್ಲಿ ಮಂಗಳೂರಿನ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆಗೆ ಬಂದಳು. ಹುಟ್ಟಿದ ಮಗುವಿನ ತೂಕ 1,300 ಗ್ರಾಂ. ಅದನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಇಂತಹ ಶಿಶು ಮನೆಗೆ ಹೋಗುವ ಸ್ಥಿತಿಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ತಾಯಿಯ ದೇಹಸ್ಥಿತಿ ಸರಿಯಿದ್ದರೆ ಅವಳಿಗೆ ಕೆಲವೇ ದಿನಗಳಲ್ಲಿ ಬಿಡುಗಡೆಯ ಚೀಟಿ ಸಿಗುತ್ತದೆ. ಆ ಕ್ಷಣದಿಂದ ಅವಳು ಕಾಗದದ ಮೇಲೆ ಯಾರ ರೋಗಿಯೂ ಅಲ್ಲ. ಮಗು ಮಾತ್ರ ಒಳಗಿದೆ. ಊರು ಸುಮಾರು 85 ಕಿಲೋಮೀಟರ್ ದೂರ. ಮನೆಯಲ್ಲಿ ಮೂರು ವರ್ಷದ ಮೊದಲ ಮಗುವಿದೆ. ಗಂಡ ಕೂಲಿಗೆ ಹೋಗದ ದಿನ ಸಂಬಳವಿಲ್ಲ. ಅವಳು ಬೀಡಿ ಕಟ್ಟುವವಳಾದರೆ ಆ ಆದಾಯವೂ ನಿಂತಿದೆ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಪಡೆಯುವವರಿಗೆ ಹೆರಿಗೆ ರಜೆಯ ಸಂಬಳ ಕೈಗೆ ಸಿಗುವುದು ಅಪರೂಪ. ಮೊದಲ ವಾರ ಹೇಗೋ ಕಳೆಯುತ್ತದೆ. ಎರಡನೆಯ ವಾರದಲ್ಲಿ ಮನೆಯಲ್ಲಿ ಮಾತು ಏಳುತ್ತದೆ: "ಮಗುವನ್ನು ನರ್ಸ್‌ಗಳು ನೋಡಿಕೊಳ್ಳುತ್ತಾರೆ, ನೀನು ಅಲ್ಲಿ ಕುಳಿತು ಮಾಡುವುದೇನು? ಬಂದು ಬಾಣಂತನ ಮಾಡಿಸಿಕೋ."

ಅವಳು ಅಲ್ಲಿ ಮಾಡುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸುಮಾರು 34 ವಾರಗಳ ಬೆಳವಣಿಗೆ ಆಗುವವರೆಗೆ ಶಿಶುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಇವನ್ನು ಒಟ್ಟಿಗೆ ಹೊಂದಿಸಿಕೊಳ್ಳಲು ಆಗುವುದಿಲ್ಲ. ಆದುದರಿಂದ ಮೊದಲು ಸಣ್ಣ ನಳಿಕೆಯ ಮೂಲಕ, ಅನಂತರ ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆಯಂತಹ ಪಾತ್ರೆಯಿಂದ ಹಾಲು ಕೊಡುತ್ತಾರೆ. ಆ ಹಾಲು ತಾಯಿಯದೇ ಆಗಿದ್ದರೆ ಸೋಂಕು ಮತ್ತು ಅವಧಿಪೂರ್ವ ಶಿಶುಗಳನ್ನು ಕಾಡುವ ಕರುಳಿನ ಮಾರಕ ಕಾಯಿಲೆಯ ಅಪಾಯ ಕಡಿಮೆಯಾಗುತ್ತದೆ. ಆದರೆ ಮಗು ಎದೆಗೆ ಬಾಯಿ ಹಚ್ಚದೆ ಹಾಲು ಉಳಿಯಬೇಕಾದರೆ ಹೆರಿಗೆಯಾದ ಮೊದಲ ಕೆಲವು ಗಂಟೆಗಳಿಂದಲೇ ಕೈಯಿಂದಲೋ ಪಂಪಿನಿಂದಲೋ ಹಿಂಡಿ ತೆಗೆಯಬೇಕು. ದಿನಕ್ಕೆ ಎಂಟು ಸಲವಾದರೂ ಆಗಬೇಕು, ರಾತ್ರಿಯೂ ತಪ್ಪಬಾರದು. ಮೊದಲ ದಿನ ಬರುವುದು ಕೆಲವೇ ಹನಿ. ಅದನ್ನು ನೋಡಿ "ಇವಳಿಗೆ ಹಾಲೇ ಇಲ್ಲ" ಎಂದು ಹಿರಿಯರು ತೀರ್ಮಾನಿಸಿಬಿಡುತ್ತಾರೆ. ಆ ಕೆಲವು ಹನಿಗಳೇ ಶಿಶುವಿಗೆ ಮೊದಲ ರಕ್ಷಣೆ. ನಾಲ್ಕು ದಿನ ಹಿಂಡದೆ ಮನೆಯಲ್ಲಿದ್ದರೆ ಹಾಲು ಬತ್ತತೊಡಗುತ್ತದೆ. ಮತ್ತೆ ಬರಿಸುವುದು ಬಹಳ ಕಷ್ಟ.

ಲೇಡಿಗೋಷನ್ ಆಸ್ಪತ್ರೆಯಲ್ಲಿ 2022ರಲ್ಲಿ ರೋಟರಿ ಸಂಸ್ಥೆಯ ನೆರವಿನಿಂದ ಎದೆಹಾಲಿನ ಬ್ಯಾಂಕ್ ಆರಂಭವಾಗಿದೆ. ಇತರ ತಾಯಂದಿರು ದಾನವಾಗಿ ಕೊಟ್ಟ ಹಾಲನ್ನು ಪರೀಕ್ಷಿಸಿ, ಪಾಶ್ಚರೀಕರಿಸಿ ಅಗತ್ಯವುಳ್ಳ ಶಿಶುಗಳಿಗೆ ಕೊಡುವ ವ್ಯವಸ್ಥೆ ಇದು. ಏಷ್ಯಾದಲ್ಲಿ ಇಂತಹ ಮೊದಲ ಬ್ಯಾಂಕ್ 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ ಆಯಿತು. ಇದು ದೊಡ್ಡ ಅನುಕೂಲ. ಆದರೂ ದಾನದ ಹಾಲು ಎರಡನೆಯ ಆಯ್ಕೆಯೇ. ಕಾಯಿಸುವಾಗ ಅದರ ರಕ್ಷಕ ಗುಣ ಸ್ವಲ್ಪ ಕುಗ್ಗುತ್ತದೆ. "ಬ್ಯಾಂಕ್ ಇದೆಯಲ್ಲ, ತಾಯಿ ಮನೆಗೆ ಹೋಗಲಿ" ಎಂಬ ವಾದಕ್ಕೆ ಅದನ್ನು ಆಧಾರ ಮಾಡಿಕೊಳ್ಳಬಾರದು.

ಎರಡನೆಯ ಕೆಲಸ ಅವಳ ಎದೆಯ ಶಾಖ. ಶಿಶುವನ್ನು ಬಟ್ಟೆಯಿಲ್ಲದೆ ತಾಯಿಯ ಎದೆಗೆ ಒತ್ತಿ, ಮೇಲಿನಿಂದ ಬಟ್ಟೆ ಸುತ್ತಿ ಗಂಟೆಗಟ್ಟಲೆ ಇಟ್ಟುಕೊಳ್ಳುವ ಕ್ರಮಕ್ಕೆ ಕಾಂಗರೂ ತಾಯಿ ಆರೈಕೆ ಎಂದು ಹೆಸರು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1970ರ ದಶಕದ ಕೊನೆಯಲ್ಲಿ, ಶಿಶುಗಳು ಹೆಚ್ಚಾಗಿ ಪೆಟ್ಟಿಗೆಗಳು ಸಾಲದೆ ಹೋದಾಗ, ಡಾ. ಎಡ್ಗರ್ ರೇ ಮತ್ತು ಡಾ. ಹೆಕ್ಟರ್ ಮಾರ್ಟಿನೆಜ್ ಇದನ್ನು ಆರಂಭಿಸಿದರು. ಬಡವರ ಆಸ್ಪತ್ರೆಯ ಅನಿವಾರ್ಯತೆಯಿಂದ ಹುಟ್ಟಿದ ಈ ಕ್ರಮವನ್ನು ಬಹುಕಾಲ ಶಿಶು ಚೇತರಿಸಿಕೊಂಡ ಮೇಲೆ ಮಾತ್ರ ಬಳಸುತ್ತಿದ್ದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು ಆ ಅಭ್ಯಾಸವನ್ನು ಬದಲಿಸಿತು. 1 ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಕೊಟ್ಟಾಗ, ಚೇತರಿಕೆಯವರೆಗೆ ಕಾದು ಕೊಟ್ಟದ್ದಕ್ಕಿಂತ ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಈ ಆರೈಕೆ ಸಿಗಬೇಕೆಂದು ಶಿಫಾರಸು ಮಾಡಿತು. ನಮ್ಮದೇ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಇದನ್ನು ವ್ಯಾಪಕವಾಗಿ ಜಾರಿಗೆ ತಂದು ನೋಡಲಾಗಿದೆ. ತಾಯಿ ದಣಿದಾಗ ತಂದೆಯೂ ಅಜ್ಜಿಯೂ ಮಗುವನ್ನು ಎದೆಗೆ ಇಟ್ಟುಕೊಳ್ಳಬಹುದು. ಗಂಡಸರು ಮೊದಮೊದಲು ನಾಚಿಕೊಳ್ಳುತ್ತಾರೆ. ಒಮ್ಮೆ ಕುಳಿತವರು ಮತ್ತೆ ಏಳಲು ಒಪ್ಪುವುದಿಲ್ಲ.

ಹೀಗೆ ತಾಯಿ ಆ ಘಟಕದಲ್ಲಿ ಬಂದು ಹೋಗುವ ಸಂದರ್ಶಕಳಲ್ಲ, ಚಿಕಿತ್ಸೆಯ ಒಂದು ಭಾಗ. ಕೇಂದ್ರ ಆರೋಗ್ಯ ಸಚಿವಾಲಯವು 2017ರಲ್ಲಿಯೇ ನವಜಾತ ಶಿಶು ಘಟಕಗಳಲ್ಲಿ ಕುಟುಂಬದ ಸಹಭಾಗಿತ್ವಕ್ಕೆ ಮಾರ್ಗಸೂಚಿ ಹೊರಡಿಸಿದೆ. ಅವಳನ್ನು ಮಗುವಿನ ಬಳಿ ನಾಲ್ಕಾರು ವಾರ ಉಳಿಸಿಕೊಳ್ಳಲು ಬೇಕಾದದ್ದು ಔಷಧಿಯಲ್ಲ. ಮಲಗಲು ಜಾಗ, ಎರಡು ಹೊತ್ತಿನ ಬಿಸಿ ಊಟ, ಬಸ್ಸಿನ ಖರ್ಚು, ಮನೆಯಲ್ಲಿರುವ ಮಗುವಿಗೆ ಒಂದು ಆಸರೆ. ಇವು ವೈದ್ಯರ ಕೈಯಲ್ಲಿಲ್ಲ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರ ಜೂನ್ 1ರಂದು ಜಾರಿಗೆ ಬಂದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಉಚಿತ; ಕಾಯಿಲೆ ಬಿದ್ದ ಶಿಶುವಿಗೆ ಒಂದು ವರ್ಷದವರೆಗೆ ಉಚಿತ ಚಿಕಿತ್ಸೆ. ತಾಯಿಯ ಊಟಕ್ಕೆ ಮಾತ್ರ ಮಿತಿಯಿದೆ: ಸಹಜ ಹೆರಿಗೆಯಾದರೆ ಮೂರು ದಿನ, ಶಸ್ತ್ರಚಿಕಿತ್ಸೆಯಾದರೆ ಏಳು ದಿನ. ಮುಂದಿನ ದಿನಗಳ ಏರ್ಪಾಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಾಣಂತಿಗೆ ಆರು ತಿಂಗಳವರೆಗೆ ಸಲ್ಲಬೇಕಾದದ್ದು. ಆದರೆ ಅದು ಇರುವುದು ಊರಿನ ಅಂಗನವಾಡಿಯಲ್ಲಿ, ಅವಳಿರುವುದು ಮಂಗಳೂರಿನಲ್ಲಿ. ಹೆಚ್ಚು ಊಟ ಬೇಕಾದ ದಿನಗಳಲ್ಲಿಯೇ ಎರಡೂ ಕಡೆಯ ಪಟ್ಟಿಯಿಂದ ಅವಳ ಹೆಸರು ಜಾರುತ್ತದೆ.

ಇಲ್ಲಿ ತಮ್ಮ ಅಧಿಕಾರದ ಮಾತು ಬರುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ಅಧ್ಯಕ್ಷರಾಗುವವರು ಗ್ರಾಮ ಪಂಚಾಯತ್ ಸದಸ್ಯರೇ. ಸಮಿತಿಯ ಮುಕ್ತ ನಿಧಿಯನ್ನು ಚರಂಡಿ, ಬ್ಲೀಚಿಂಗ್ ಪೌಡರ್, ಫಾಗಿಂಗ್ ಇವಕ್ಕೇ ಮುಗಿಸುವ ರೂಢಿ ನಮ್ಮಲ್ಲಿದೆ. ಆದರೆ ನಿರ್ಗತಿಕ ಮಹಿಳೆ ಅಥವಾ ಕಡುಬಡ ಕುಟುಂಬ ಚಿಕಿತ್ಸೆಯನ್ನು ತಲುಪಲು ನೆರವಾಗಬೇಕಾದ ವಿಶೇಷ ಸಂದರ್ಭದಲ್ಲಿ ಆ ಹಣ ಬಳಸಬಹುದು ಎಂದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿಯೇ ಹೇಳುತ್ತದೆ. ನಿಧಿ ಸಣ್ಣದು ನಿಜ; ಒಬ್ಬ ತಾಯಿಯ ಒಂದು ತಿಂಗಳ ಬಸ್ಸಿಗೂ ಊಟಕ್ಕೂ ಆ ಸಣ್ಣ ಮೊತ್ತವೇ ಸಾಕಾಗಬಹುದು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬವಾದರೆ ಪಂಚಾಯತ್‌ನ ಸ್ವಂತ ಸಂಪನ್ಮೂಲದಲ್ಲಿ ಅವರಿಗಾಗಿ ಮೀಸಲಿಟ್ಟ ಭಾಗದಿಂದ ವೈದ್ಯಕೀಯ ನೆರವು ಕೊಡುವ ವಿಚಾರವನ್ನು ಅಭಿವೃದ್ಧಿ ಅಧಿಕಾರಿಯವರೊಡನೆ ಚರ್ಚಿಸಬೇಕು. ಮಗುವನ್ನು ಖಾಸಗಿ ಆಸ್ಪತ್ರೆಗೆ ಕಳುಹಿಸುವ ಸಂದರ್ಭ ಬಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಶಿಫಾರಸು ಪತ್ರ ಮತ್ತು ಪಡಿತರ ಚೀಟಿ ಕೈಯಲ್ಲಿವೆಯೇ ಎಂದು ಮೊದಲ ದಿನವೇ ವಿಚಾರಿಸಿ, ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಲು ಹೇಳಿ. ಬಿಲ್ಲು ಬೆಳೆದ ಮೇಲೆ ದಾಖಲೆ ಹುಡುಕುವ ಕುಟುಂಬದ ಅವಸ್ಥೆ ಹೇಳತೀರದು.

ಮನೆಯಲ್ಲಿರುವ ದೊಡ್ಡ ಮಗುವಿನ ವಿಷಯವನ್ನು ಯಾರೂ ಬರೆದಿಡುವುದಿಲ್ಲ. ನನ್ನ ಅನುಭವದಲ್ಲಿ ತಾಯಂದಿರನ್ನು ಊರಿಗೆ ಎಳೆದು ತರುವುದು ಹೆಚ್ಚಾಗಿ ಅದೇ. ಅಂಗನವಾಡಿ, ತಮ್ಮಲ್ಲಿ ಕೂಸಿನ ಮನೆ ಇದ್ದರೆ ಅದು, ಇಲ್ಲವೇ ಸಂಜೀವಿನಿ ಒಕ್ಕೂಟದ ಸದಸ್ಯೆಯರು ಪಾಳಿಯಂತೆ ಹಗಲು ನೋಡಿಕೊಳ್ಳುವ ಏರ್ಪಾಡು, ಹೀಗೆ ಏನಾದರೊಂದನ್ನು ಸದಸ್ಯರು ಮುಂದೆ ನಿಂತು ಮಾಡಿಸಬಹುದು.

ಸಂಪ್ರದಾಯದ ಮಾತಿಗೆ ಬರೋಣ. ಬಾಣಂತಿಗೆ ಎಣ್ಣೆ, ಬಿಸಿನೀರು, ಬೆಚ್ಚಗಿನ ಕೋಣೆ, ನಲವತ್ತು ದಿನದ ವಿಶ್ರಾಂತಿ ಎಂಬ ನಮ್ಮ ಕ್ರಮದಲ್ಲಿ ಹೆಂಗಸಿನ ದೇಹದ ಬಗ್ಗೆ ಕಾಳಜಿಯಿದೆ. ನಾನು ಅದನ್ನು ಹೀಯಾಳಿಸುವವನಲ್ಲ. ಆದರೆ ಅಮೆ ಕಳೆಯದೆ ಹೊರಗೆ ಹೋಗಬಾರದು, ನೀರು ಹೆಚ್ಚು ಕುಡಿಯಬಾರದು ಎಂಬ ಕಟ್ಟಳೆಗಳು ಈ ತಾಯಿಗೆ ಹೊಂದುವುದಿಲ್ಲ. ಬಾಣಂತನವನ್ನೇ ಆಸ್ಪತ್ರೆಯ ಬಳಿಗೆ ಒಯ್ಯಬಹುದು: ತಾಯಿಯ ತಾಯಿ ಜೊತೆಗಿರಲಿ, ಬೆಚ್ಚಗಿನ ಊಟ ಅಲ್ಲಿಗೇ ಬರಲಿ. "ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯದು" ಎಂಬ ನಂಬಿಕೆಯಂತೂ ಪೂರ್ತಿ ತಪ್ಪು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಗ್ರಹಣದಲ್ಲಿ ಹೊರಗೆ ಹೋದಳು, ಭಾರ ಎತ್ತಿದಳು ಎಂದು ತಾಯಿಯ ತಲೆಗೆ ಕಟ್ಟುವ ಮಾತನ್ನು ತಮ್ಮ ಎದುರು ಯಾರಾದರೂ ಆಡಿದರೆ ಅಲ್ಲಿಯೇ ನಿಲ್ಲಿಸಬೇಕು. ಅವಧಿಪೂರ್ವ ಹೆರಿಗೆಗೆ ಅನೇಕ ಸಲ ಕಾರಣವೇ ಗೊತ್ತಾಗುವುದಿಲ್ಲ.

ಅವಳನ್ನು ಮಾತನಾಡಿಸುವ ರೀತಿಯೂ ನೆರವಿನ ಭಾಗ. ಹುಟ್ಟಿದ ಮೊದಲ ವಾರದಲ್ಲಿ ಶಿಶುವಿನ ತೂಕ ಇಳಿಯುವುದು ಸಹಜ. ದಿನಕ್ಕೆ ಹತ್ತು ಜನ ಫೋನ್ ಮಾಡಿ "ಎಷ್ಟು ಗ್ರಾಂ ಆಯಿತು?" ಎಂದು ಕೇಳಿದರೆ ಅವಳು ಹತ್ತು ಸಲ ಸೋತಂತೆ. ಮನೆಯ ಒಬ್ಬರು ಸುದ್ದಿ ತಿಳಿದು ಉಳಿದವರಿಗೆ ಹೇಳಿದರೆ ಸಾಕು. ಹಣ್ಣಿನ ಬುಟ್ಟಿ ಹಿಡಿದು ಹೋಗಿ, ಶಿಶುವಿನ ಜೊತೆ ಫೋಟೋ ತೆಗೆಸಿಕೊಂಡು ವಾಟ್ಸಪ್‌ಗೆ ಹಾಕುವ ಉತ್ಸಾಹ ಜನಪ್ರತಿನಿಧಿಗಳಾದ ನಮ್ಮಂಥವರಿಗೆ ಸ್ವಲ್ಪ ಹೆಚ್ಚು. ಸೋಂಕಿನ ಭಯವಿರುವ ಆ ಬಾಗಿಲ ಹೊರಗೇ ಅದನ್ನು ಬಿಡೋಣ. ತಾಯಿ ನಿದ್ದೆಯಿಲ್ಲದೆ, ಊಟ ಸೇರದೆ, ಮಗುವನ್ನು ನೋಡಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ಅದು ಮೊಂಡುತನವಲ್ಲ, ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲಿಯೇ ಉಚಿತವಾಗಿ ಕರೆ ಮಾಡಬಹುದು. ಸಾಯುವ ಮಾತು ಆಡಿದರೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಎಲ್ಲ ಶಿಶುಗಳೂ ಉಳಿಯುವುದಿಲ್ಲ. ಹೇಳಲು ಕಷ್ಟವಾದರೂ ಇದನ್ನು ಬಿಟ್ಟರೆ ನನ್ನ ಮಾತು ಅಪೂರ್ಣವಾಗುತ್ತದೆ. ಬರಿಗೈಯಲ್ಲಿ ಮರಳಿದ ತಾಯಿಯ ಮನೆಗೆ ಯಾರೂ ಹೋಗುವುದಿಲ್ಲ, ಏನು ಮಾತನಾಡಬೇಕೆಂದು ತಿಳಿಯದೆ. ಮಗುವಿಲ್ಲವೆಂದು ಆಶಾ ಕಾರ್ಯಕರ್ತೆಯ ಭೇಟಿಯೂ ನಿಂತುಹೋಗಬಹುದು. ಅವಳಿಗೂ ಹೊಲಿಗೆಯಿದೆ, ರಕ್ತಸ್ರಾವವಿದೆ, ಎದೆಯಲ್ಲಿ ಹಾಲು ಕಟ್ಟಿ ನೋವಿದೆ. ಅವಳೂ ಬಾಣಂತಿಯೇ. ಆ ಮನೆಗೆ ಭೇಟಿ ಮುಂದುವರಿಯುವಂತೆ ನೋಡಿಕೊಳ್ಳುವುದು, ಸಾಧ್ಯವಾದರೆ ತಾವೇ ಒಮ್ಮೆ ಹೋಗಿ ಸುಮ್ಮನೆ ಕುಳಿತು ಬರುವುದು ಆಗಬೇಕು.

ಮಗು ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆಯ ಭೇಟಿಗಳು, ಕಾಂಗರೂ ಆರೈಕೆ, ಎದೆಹಾಲು ಮುಂದುವರಿಯಬೇಕು. ತೊಟ್ಟಿಲು ಹಾಕುವ ಸಮಾರಂಭ, ನೂರು ಜನರ ಕೈಯಲ್ಲಿ ಮಗು ಸುತ್ತುವುದು ಸ್ವಲ್ಪ ತಡವಾದರೆ ನಷ್ಟವಿಲ್ಲ. ಒಂದು ವಿಷಯ ಮಾತ್ರ ತಡವಾಗುವಂತಿಲ್ಲ: ಕಣ್ಣಿನ ಪರೀಕ್ಷೆ. 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಗಳಿಗಿಂತ ಮೊದಲು ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ತಪ್ಪಾಗಿ ಬೆಳೆದು ಕುರುಡುತನ ಬರುವ ಅಪಾಯವಿದೆ. ಹುಟ್ಟಿ 30 ದಿನಗಳೊಳಗೆ ಮೊದಲ ಪರೀಕ್ಷೆಯಾದರೆ ಚಿಕಿತ್ಸೆಯಿಂದ ದೃಷ್ಟಿ ಉಳಿಸಬಹುದು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದುದರಿಂದಲೇ ಮನೆಯವರು ಮರೆಯುತ್ತಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 2008ರಿಂದ ಕರ್ನಾಟಕದ ಜಿಲ್ಲೆಗಳಿಗೆ ಕ್ಯಾಮೆರಾ ಒಯ್ದು, ಚಿತ್ರಗಳನ್ನು ಅಂತರಜಾಲದ ಮೂಲಕ ತಜ್ಞರಿಗೆ ತಲುಪಿಸಿ ಈ ಪರೀಕ್ಷೆಯನ್ನು ಹಳ್ಳಿಯ ಶಿಶುಗಳಿಗೆ ದೊರಕಿಸಿದೆ. ಇಪ್ಪತ್ತನೆಯ ದಿನ ಮನೆಗೆ ಬಂದ ಶಿಶುವಿನ ಪರೀಕ್ಷೆಯ ದಿನಾಂಕ ತಾಯಿ ಕಾರ್ಡಿನಲ್ಲಿಯೂ ಬಿಡುಗಡೆಯ ಚೀಟಿಯಲ್ಲಿಯೂ ಇದೆಯೇ ಎಂದು ಆಶಾ ಕಾರ್ಯಕರ್ತೆಯ ಜೊತೆ ನೋಡಿ, ಆ ದಿನದ ವಾಹನಕ್ಕೆ ಏರ್ಪಾಡು ಮಾಡಿಕೊಡಿ.

ತಮ್ಮ ಸಮಿತಿಯ ಮುಂದಿನ ಸಭೆಯಲ್ಲಿ, ಈಗ ಯಾವ ಮನೆಯ ಶಿಶು ಆಸ್ಪತ್ರೆಯಲ್ಲಿದೆ, ಅದರ ತಾಯಿ ಎಲ್ಲಿದ್ದಾಳೆ ಎಂಬ ಒಂದು ಪ್ರಶ್ನೆಯನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರುತ್ತೇನೆ. ಈಗ ತಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.